ಬೆಳದಿಂಗಳೂ ಹಾವಿನ ಹಾದಿಯೂ

ಮುಂಗಾರಿನ ಮೊದಲ ಮಳೆ ಬಿದ್ದ ಇರುಳಿನಲ್ಲಿ ಗಂಗಾವತಿಯ ರೈತನೊಬ್ಬನು ಕೈದೀಪವನ್ನು ನೆಲಕ್ಕೆ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುವುದನ್ನು ಕಂಡಾಗಲೆಲ್ಲ, ಭೂಮಿಯ ಶೀತೋಷ್ಣಗಳನ್ನು ಅವನಷ್ಟೇ ಸೂಕ್ಷ್ಮವಾಗಿ ಅರಿತ ಇನ್ನೊಂದು ಜೀವವು ಅದೇ ಬದುವಿನಲ್ಲಿ ಸಂಚರಿಸುತ್ತಿರಬಹುದೆಂಬ ನೆನಪು ನನಗಾಗುತ್ತದೆ. ಸರ್ಪವು ನಮ್ಮಂತೆ ದೇಹೋಷ್ಣವನ್ನು ಒಳಗಿನಿಂದ ಕಾಯ್ದುಕೊಳ್ಳಲಾರದು. ಆದುದರಿಂದ ಋತುವೇ ಅದರ ದಿನಚರಿಯನ್ನು ನಿರ್ಣಯಿಸುತ್ತದೆ. ಕುಷ್ಟಗಿ, ಯಲಬುರ್ಗಾ ಸೀಮೆಯ ಬೇಸಗೆಯಲ್ಲಿ ಹಗಲೆಲ್ಲ ಬಿಲದೊಳಗೋ ಕಲ್ಲಿನ ಸಂದಿಯಲ್ಲೋ ಅಡಗಿದ್ದು, ನೆಲ ತಣಿದ ಮೇಲೆ ಹೊರಬರುವ ಹಾವು, ಮಾಗಿಯ ಕೊರೆಯುವ ಚಳಿಯಲ್ಲಿ ಅಪರೂಪವಾಗುತ್ತದೆ. ಮಳೆ ಬಂದರೋ, ಬಿಲಗಳಿಗೆ ನೀರು ನುಗ್ಗುತ್ತದೆ, ಕಪ್ಪೆಗಳು ವಟಗುಟ್ಟುತ್ತವೆ, ಹಾವೂ ಹೊರಡುತ್ತದೆ.

ಬೆಳದಿಂಗಳ ವಿಚಾರ ಇಷ್ಟು ಸರಳವಲ್ಲ. ಹುಣ್ಣಿಮೆಯ ಬೆಳಕಿನಲ್ಲಿ ಗೂಬೆಯ ಕಣ್ಣಿಗೆ ಬೀಳುವ ಭಯದಿಂದ ಅನೇಕ ಜಾತಿಯ ಇಲಿಗಳು ಬಯಲನ್ನು ತೊರೆದು ಪೊದೆಯ ನೆರಳನ್ನು ಆಶ್ರಯಿಸುತ್ತವೆ. ಅವುಗಳನ್ನೇ ನಂಬಿದ ಕೆಲವು ಹಾವುಗಳೂ ಬಯಲಿಗಿಳಿಯಲು ಹಿಂಜರಿಯುತ್ತವೆ. ಆದರೆ ಎಲ್ಲ ಜಾತಿಗಳೂ ಹಾಗಲ್ಲ. ಚಂದ್ರನಿಗಿಂತ ಶಾಖ, ತೇವಗಳ ಮಾತೇ ಹೆಚ್ಚು ನಂಬುವಂಥದೆಂದು ನನ್ನ ಭಾವನೆ. ಹುಣ್ಣಿಮೆಯೆಂದು ದೀಪವನ್ನು ಮನೆಯಲ್ಲೇ ಬಿಟ್ಟು ಹೊಲಕ್ಕೆ ಹೋಗಬೇಡಿರೆಂದು ಕಳಕಳಿಯಿಂದ ಬೇಡುತ್ತೇನೆ.

ಅದರಲ್ಲಿಯೂ ಇರುಳುಸಂಚಾರಿಯಾದ ಕಟ್ಟುಹಾವು ನೆಲದ ಮೇಲೆ ಮಲಗಿದವರ ಹಾಸಿಗೆಯವರೆಗೂ ಬರುವುದುಂಟು. ಅದರ ಕಡಿತ ಎಷ್ಟೋ ವೇಳೆ ನೋಯುವುದೇ ಇಲ್ಲ, ಬಾಯುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಜೋತುಬಿದ್ದಿದ್ದರೆ, ಗಾಯ ಕಾಣಲಿಲ್ಲವೆಂದು ತಡೆಯದೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.