ಹಸುಗೂಸಿನ ಹೃದಯಕ್ಕೆ ಕ್ಯಾತಿಟರ್ ಚಿಕಿತ್ಸೆ: ತೊಡಕುಗಳು ಮತ್ತು ಎಚ್ಚರಿಕೆ



ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 8 ಶಿಶುಗಳಿಗೆ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಹೆಚ್ಚಿನವಕ್ಕೆ ಕೂಡಲೇ ಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿದ್ದರೆ ಕಾಯುವಂತಿಲ್ಲ. ಶುದ್ಧ ರಕ್ತ ಪುನಃ ಶ್ವಾಸಕೋಶಕ್ಕೂ, ಅಶುದ್ಧ ರಕ್ತ ಪುನಃ ಶರೀರಕ್ಕೂ ಹೋಗುತ್ತಿರುತ್ತದೆ. ಎರಡೂ ಬೆರೆಯಲು ದಾರಿ ಸಾಲದಿದ್ದರೆ ಮಗು ನೀಲಿಗಟ್ಟಿ ಅಸುನೀಗುತ್ತದೆ.

ಎದೆಯನ್ನು ಸೀಳದೆಯೇ ಆ ದಾರಿಯನ್ನು ಅಗಲಿಸುವ ವಿಧಾನವನ್ನು 1966ರಲ್ಲಿ ಅಮೆರಿಕದ ಡಾ. ವಿಲಿಯಂ ರಾಷ್‌ಕಿಂಡ್ ಪ್ರಕಟಿಸಿದರು. ಹೊಕ್ಕುಳಿನ ಅಥವಾ ತೊಡೆಸಂದಿನ ಅಭಿಧಮನಿಯೊಳಗಿಂದ ಕ್ಯಾತಿಟರ್ ಎಂಬ ತೆಳು ನಳಿಕೆಯನ್ನು ಹೃದಯಕ್ಕೆ ಸೇರಿಸಿ, ತುದಿಯ ಬಲೂನನ್ನು ಉಬ್ಬಿಸಿ, ಮೇಲಿನ ಕೋಣೆಗಳ ನಡುಗೋಡೆಯ ಮೂಲಕ ಸರಕ್ಕನೆ ಎಳೆಯುವರು. ನಾಳಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ತನಕ ಮಗುವನ್ನು ಉಳಿಸಿಕೊಳ್ಳಲು ಇದು ನೆರವಾಗುತ್ತದೆ.

ಒಪ್ಪಿಗೆಯ ಕಾಗದವನ್ನು ಓದಿಸಿದಾಗ, ತೊಡಕುಗಳನ್ನು ಕೇಳಿ ಹೆದರಿ ಮಗುವನ್ನೆತ್ತಿಕೊಂಡು ಊರಿಗೆ ಹೊರಡುವವರುಂಟು. ಇಂಥ ಮಗುವಿಗೆ ಆ ಪ್ರಯಾಣವೇ ಚಿಕಿತ್ಸೆಗಿಂತ ಹೆಚ್ಚು ಅಪಾಯಕರ.

ನಳಿಕೆ ತಾಗಿದಾಗ ಹೃದಯದ ಬಡಿತ ಲಯ ತಪ್ಪಬಹುದು; ಸಾಮಾನ್ಯವಾಗಿ ನಳಿಕೆಯನ್ನು ಸರಿಸಿದೊಡನೆ ಸರಿಹೋಗುತ್ತದೆ. ಹೃದಯದ ಗೋಡೆ ತೂತಾಗಿ ಸುತ್ತಲೂ ರಕ್ತ ತುಂಬುವುದು ವಿರಳ, ಆದರೆ ಪ್ರಾಣಾಂತಿಕ. ಆದಕಾರಣವೇ ಎಕೋ ಯಂತ್ರದ ತೆರೆಯಲ್ಲಿ ಬಲೂನಿರುವ ಸ್ಥಳವನ್ನು ಖಚಿತಪಡಿಸಿಕೊಂಡು ಎಳೆಯುತ್ತಾರೆ. ರಕ್ತಸ್ರಾವ, ಸೋಂಕುಗಳ ಸಂಭವವೂ ಇದೆ.

ತಾಯಿಯೇ ಕಂಡುಹಿಡಿಯಬಲ್ಲ ತೊಡಕು ಇನ್ನೊಂದಿದೆ. ಕಿರಿದಾದ ಮಹಾಪಧಮನಿಯ ಕವಾಟವನ್ನು ಬಲೂನಿನಿಂದ ಬಿಡಿಸುವಾಗ ನಳಿಕೆಯನ್ನು ಬಹುವಾಗಿ ತೊಡೆಯ ಅಪಧಮನಿಯ ಮೂಲಕ ಹಾಯಿಸುತ್ತಾರೆ. ಹಸುಗೂಸಿನ ಆ ನಾಳದ ಅಗಲ ಕೆಲವೇ ಮಿಲಿಮೀಟರು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಆ ಕಾಲು ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ, ನಾಡಿ ಸಿಗುವುದಿಲ್ಲ. ಮಗುವನ್ನು ನೋಡಲು ಬಿಟ್ಟಾಗಲೆಲ್ಲ ಕೈ ತೊಳೆದುಕೊಂಡು ಎರಡೂ ಪಾದಗಳನ್ನು ಒಟ್ಟಿಗೆ ಮುಟ್ಟಿ ಹೋಲಿಸಿರಿ. ಭೇದ ಕಂಡರೆ, ನಡುರಾತ್ರಿಯಾದರೂ ಸಂಕೋಚಪಡದೆ ದಾದಿಯನ್ನು ಕರೆಯಿರಿ. ಬೇಗ ತಿಳಿದರೆ ಹೆಪಾರಿನ್ ಮೊದಲಾದ ಔಷಧಗಳಿಂದ ರಕ್ತಸಂಚಾರ ಮರಳುವ ಸಂಭವ ಹೆಚ್ಚು. ಅಲಕ್ಷಿಸಿದರೆ ಮುಂದೆ ಆ ಕಾಲಿನ ಬೆಳವಣಿಗೆ ಕುಂಠಿತವಾದೀತು. ಬಿಸಿನೀರಿನ ಚೀಲವನ್ನಾಗಲಿ ಕೆಂಡದ ಶಾಖವನ್ನಾಗಲಿ ಕೊಡಕೂಡದು. ರಕ್ತ ಹರಿಯದ ಚರ್ಮ ಬಹುಬೇಗ ಸುಡುತ್ತದೆ.

ಮನೆಗೆ ಬಂದ ಮೇಲೆ ಚುಚ್ಚಿದ ಜಾಗಕ್ಕೆ ಅರಿಸಿನ, ಎಣ್ಣೆ ಹಚ್ಚಬೇಡಿರಿ. ಅಲ್ಲಿ ರಕ್ತ ಜಿನುಗಿದರೆ ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಹೊರಡಿರಿ. ಜ್ವರ, ಏದುಸಿರು, ಮೊಲೆಹಾಲು ಬಿಡುವುದು, ತುಟಿ ಹೆಚ್ಚು ನೀಲಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಜೊತೆಯಲ್ಲಿ ಒಯ್ಯಿರಿ.