ಸಮೀಕರಣ ಹೇಳದ ಮಾತು

(ದೇವನಹಳ್ಳಿಯಲ್ಲಿ ಪಿ.ಯು. ವಿಜ್ಞಾನ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ರಾಸಾಯನಿಕ ಕ್ರಿಯೆಯ ವೇಗದ ಪಾಠ ಬಂದ ಕೂಡಲೇ ನಿಮ್ಮಲ್ಲಿ ಅನೇಕರು ಒಂದು ತಪ್ಪು ಮಾಡುತ್ತೀರಿ. ಸಮೀಕರಣದಲ್ಲಿ ಪದಾರ್ಥದ ಎಡಕ್ಕೆ 2 ಎಂದಿದ್ದರೆ, ವೇಗ ನಿಯಮದಲ್ಲೂ ಅದರ ಘಾತ 2 ಎಂದು ಬರೆದುಬಿಡುತ್ತೀರಿ. ಅಂಕ ಹೋಗುವುದು ದೊಡ್ಡದಲ್ಲ. ಪ್ರಯೋಗ ಮಾಡಿ ತಿಳಿಯಬೇಕಾದ ಸಂಗತಿಯನ್ನು ಕಾಗದ ನೋಡಿ ಹೇಳಬಹುದೆಂಬ ಅಭ್ಯಾಸ ಬೇರೂರುತ್ತದಲ್ಲ, ನನಗೆ ಚಿಂತೆ ಅದರದು.

ನಿಮ್ಮ ಪ್ರಯೋಗಾಲಯದಲ್ಲೇ ಮಾಡಬಹುದಾದ ಒಂದು ಪ್ರಯೋಗ ನೋಡಿ. ಗಾಯ ತೊಳೆಯಲು ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಹೈಡ್ರೋಜನ್ ಪೆರಾಕ್ಸೈಡ್ ಇದೆಯಲ್ಲ, ಅದು ಆಮ್ಲದ ಸಮ್ಮುಖದಲ್ಲಿ ಪೊಟ್ಯಾಸಿಯಂ ಅಯೊಡೈಡ್ ಜೊತೆ ವರ್ತಿಸಿ ಅಯೊಡಿನ್ ಕೊಡುತ್ತದೆ. ಮೊದಲೇ ಸ್ವಲ್ಪ ಪಿಷ್ಟವನ್ನೂ ಅಳತೆ ಮಾಡಿದ ಸೋಡಿಯಂ ಥಯೋಸಲ್ಫೇಟನ್ನೂ ಸೇರಿಸಿಡಿ. ಹುಟ್ಟಿದ ಅಯೊಡಿನ್ನನ್ನು ಥಯೋಸಲ್ಫೇಟ್ ನುಂಗುತ್ತಾ ಹೋಗುತ್ತದೆ. ಅದು ಮುಗಿದ ಗಳಿಗೆಯಲ್ಲಿ ದ್ರಾವಣ ಒಮ್ಮೆಗೇ ಕಡುನೀಲಿ! ಅಲ್ಲಿಯವರೆಗಿನ ಸಮಯವನ್ನು ಗಡಿಯಾರದಲ್ಲಿ ಗುರುತಿಸಿಕೊಳ್ಳಿ.

ಈ ಕ್ರಿಯೆಯ ಸಮೀಕರಣದಲ್ಲಿ ಪೆರಾಕ್ಸೈಡ್ ಒಂದು, ಅಯೊಡೈಡ್ ಎರಡು, ಆಮ್ಲದ ಹೈಡ್ರೋಜನ್ ಅಯಾನು ಎರಡು. ಈಗ ಅಯೊಡೈಡ್ ಸಾರತೆಯನ್ನು ಇಮ್ಮಡಿ ಮಾಡಿ. ಘಾತ 2 ಆಗಿದ್ದರೆ ಸಮಯ ಕಾಲು ಭಾಗಕ್ಕೆ ಇಳಿಯಬೇಕಿತ್ತು. ಆದರೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಪೆರಾಕ್ಸೈಡ್ ಇಮ್ಮಡಿಯಾದರೂ ಅರ್ಧವೇ. ದುರ್ಬಲ ಆಮ್ಲೀಯ ದ್ರಾವಣದಲ್ಲಿ ಆಮ್ಲವನ್ನು ತುಸು ಹೆಚ್ಚಿಸಿದರೆ ವೇಗದಲ್ಲಿ ಗಮನಾರ್ಹ ಬದಲಾವಣೆಯೇ ಇಲ್ಲ. ಅಂದರೆ ಎರಡರ ಘಾತವೂ 1. ಆಮ್ಲಕ್ಕೆ ವೇಗ ನಿಯಮದಲ್ಲಿ ಜಾಗವೇ ಇಲ್ಲ.

ಹೀಗೇಕೆ? ಕ್ರಿಯೆ ಒಂದೇ ಏಟಿಗೆ ನಡೆಯುವುದಿಲ್ಲ. ಮೊದಲು ಒಂದು ಪೆರಾಕ್ಸೈಡ್ ಅಣುವಿಗೆ ಒಂದು ಅಯೊಡೈಡ್ ಸೇರಿ ಹೈಪೋಅಯೊಡಸ್ ಆಮ್ಲವಾಗುತ್ತದೆ. ಇದು ನಿಧಾನದ ಹಂತ. ಎರಡನೆಯ ಅಯೊಡೈಡ್ ಬರುವುದು ಆಮೇಲೆ, ವೇಗವಾಗಿ ಮುಗಿಯುವ ಹಂತದಲ್ಲಿ. ಹೈಡ್ರೋಜನ್ ಅಯಾನುಗಳು ಬರುವುದೂ ಕೊನೆಗೇ. ನಮ್ಮೂರಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಲಹಂಕದವರೆಗೆ ಓಡಿದ ಬಸ್ಸು ಹೆಬ್ಬಾಳದಲ್ಲಿ ತೆವಳುತ್ತದೆ. ಅದರಾಚೆಯ ರಸ್ತೆ ಎಷ್ಟೇ ಅಗಲವಾದರೂ ನೀವು ತಲುಪುವ ಹೊತ್ತನ್ನು ನಿರ್ಧರಿಸುವುದು ಹೆಬ್ಬಾಳವೇ.

ಆದರೆ ಇಲ್ಲೊಂದು ಎಚ್ಚರ ಬೇಕು. ಹೈಡ್ರೋಜನ್ ಮತ್ತು ಅಯೊಡಿನ್ ಅನಿಲಗಳ ಕ್ರಿಯೆಯನ್ನು ಜರ್ಮನಿಯ ಬೋಡೆನ್‌ಸ್ಟೈನ್ 1890ರ ದಶಕದಲ್ಲಿ ಅಳೆದರು. ಎರಡರ ಘಾತವೂ 1 ಎಂದು ಬಂತು. ಹಾಗಾದರೆ ಎರಡು ಅಣುಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ ಎಂದು ದಶಕಗಳ ಕಾಲ ಪುಸ್ತಕಗಳು ಬರೆದವು. 1967ರಲ್ಲಿ ಸಲ್ಲಿವನ್ ಎಂಬ ವಿಜ್ಞಾನಿ ಬೆಳಕಿನಿಂದ ಅಯೊಡಿನ್ ಪರಮಾಣುಗಳನ್ನು ಹುಟ್ಟಿಸಿ ನೋಡಿದಾಗ, ಅಯೊಡಿನ್ ಅಣು ಮೊದಲು ಒಡೆದು, ಪರಮಾಣುಗಳಾಗಿ ಹೈಡ್ರೋಜನ್ನನ್ನು ಸೇರುತ್ತದೆ ಎಂಬುದಕ್ಕೆ ಸಾಕ್ಷ್ಯ ದೊರೆಯಿತು. ಆ ದಾರಿಗೂ ಅದೇ ವೇಗ ನಿಯಮ ಬರುತ್ತದೆ! ವೇಗ ನಿಯಮ ತಪ್ಪು ದಾರಿಯನ್ನು ತಳ್ಳಿಹಾಕಬಲ್ಲದು, ಸರಿಯಾದದ್ದು ಇದೇ ಎಂದು ಅದೊಂದೇ ಸಾಧಿಸಲಾರದು.

ದಾರಿಯನ್ನೇ ಕಣ್ಣಾರೆ ನೋಡಲು ಹೊರಟವರು ಡಾ. ಅಹ್ಮದ್ ಜೆವೈಲ್. 1946ರಲ್ಲಿ ಈಜಿಪ್ಟಿನ ದಮನ್‌ಹೂರ್‌ನಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯಾದಲ್ಲಿ ಓದಿ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕರಾದವರು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಸೆಕೆಂಡ್. ಆ ಅಳತೆಯ ಲೇಸರ್ ಮಿಂಚುಗಳಿಂದ ಅವರು ಬಂಧ ಮುರಿಯುವುದನ್ನು ಹಂತಹಂತವಾಗಿ ಗುರುತಿಸಿದರು. 1999ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. 2016ರಲ್ಲಿ ತೀರಿಕೊಂಡರು.

ಮನೆಗೆ ಒಂದು ಲೆಕ್ಕ ಕೊಡುತ್ತೇನೆ. ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಒಂದಕ್ಕೊಂದರಂತೆ ವರ್ತಿಸುತ್ತವೆ. ಕಡಿಮೆ ತಾಪದಲ್ಲಿ ಮೊದಲನೆಯದರ ಘಾತ 2, ಎರಡನೆಯದರ ಹೆಸರೇ ಇಲ್ಲ. ನಿಧಾನದ ಹಂತದಲ್ಲಿ ಯಾರು ಯಾರನ್ನು ಡಿಕ್ಕಿ ಹೊಡೆದಿರಬೇಕು? ಪುಸ್ತಕ ತೆರೆಯದೆ ಬರೆದುಕೊಂಡು ಬನ್ನಿ.