ಹಳಿಯ ಪಕ್ಕದ ಚರಿತ್ರೆ



ಹಳೇ ಮೈಸೂರು ಸೀಮೆಯ ರೈಲು ಮಾರ್ಗಗಳ ಚರಿತ್ರೆ ಮತ್ತು ಸಂರಕ್ಷಣೆಯ ಬಗ್ಗೆ ಚರ್ಚಿಸಲು ಇಲ್ಲಿ ಸೇರಿದ್ದೇವೆ. ರೈಲಿನ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಉಗಿ ಎಂಜಿನ್ನಿನತ್ತ, ಮಹಾರಾಣಿಯವರ ಸಲೂನಿನತ್ತ ಓಡುತ್ತದೆ. ಆ ಸಲೂನು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ, ಸಂತೋಷ. ನನ್ನ ಆತಂಕವೆಲ್ಲ ಸಣ್ಣ ಸ್ಟೇಷನ್ನುಗಳದು, ಅಲ್ಲಿ ದುಡಿದ ಜನರದು.

ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1882ರಲ್ಲಿ. 1876–78ರ ಬರಗಾಲದಲ್ಲಿ ಹೊಟ್ಟೆಗಿಲ್ಲದೆ ಬಂದ ರೈತಾಪಿ ಜನ ಬರಪರಿಹಾರದ ಕೂಲಿಗಾಗಿ ಅದಕ್ಕೆ ಮಣ್ಣು ಹೊತ್ತರು. ದಿವಾನರ ಬಗ್ಗೆ, ಕಂಪನಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಆ ಕೂಲಿಗಳ ಬಗ್ಗೆ ತೀರಾ ಕಡಿಮೆ.

1915ರ ಹೊತ್ತಿಗೆ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್: ಕಲ್ಲಿನ ಗೋಡೆ, ಹೆಂಚಿನ ಮಾಡು, ಒಂದು ಟಿಕೆಟ್ ಕಿಂಡಿ. ಇವುಗಳ ಜೀರ್ಣೋದ್ಧಾರಕ್ಕೆ ಇತ್ತೀಚೆಗೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿದ್ದು ಅಭಿನಂದನೀಯ.

ಆದರೆ ಕಟ್ಟಡ ಉಳಿದರೆ ಕೆಲಸ ಉಳಿದಂತಾಗುವುದಿಲ್ಲ. ಒಂಟಿ ಹಳಿಯ ಮಾರ್ಗಗಳಲ್ಲಿದ್ದ ಟೋಕನ್ ಪದ್ಧತಿಯನ್ನೇ ನೋಡಿ. ಸ್ಟೇಷನ್ ಮಾಸ್ಟರು ಗಂಟೆ ಸಂಕೇತ ಕೊಟ್ಟು ಮುಂದಿನ ಸ್ಟೇಷನ್ನಿನ ಒಪ್ಪಿಗೆ ಕೇಳಬೇಕು. ಅವರು ಒಪ್ಪಿದರೆ ಮಾತ್ರ ಯಂತ್ರದಿಂದ ಲೋಹದ ಚೆಂಡೊಂದು ಹೊರಬೀಳುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿದರೆ, ಓಡುವ ಎಂಜಿನ್ನಿನಿಂದಲೇ ತೋಳು ಚಾಚಿ ಎತ್ತಿಕೊಳ್ಳುತ್ತಿದ್ದರು. ಆ ಚೆಂಡು ಮುಂದಿನ ಸ್ಟೇಷನ್ನಿನ ಯಂತ್ರ ಸೇರುವತನಕ ಎರಡನೆಯ ಚೆಂಡು ಹೊರಬರದು. ಆ ಹಳಿಯ ಮೇಲೆ ಎರಡನೆಯ ಗಾಡಿಯೂ ಬಾರದು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಡೆಸಿದವರು ಒಬ್ಬೊಬ್ಬರಾಗಿ ನಮ್ಮನ್ನಗಲುತ್ತಿದ್ದಾರೆ.

ಗೇಜ್ ಪರಿವರ್ತನೆಯನ್ನು ನಾನು ವಿರೋಧಿಸುವವನಲ್ಲ. ಗೇಜ್ ಬದಲಾಗುವ ಕಡೆಯೆಲ್ಲ ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಆ ಕಷ್ಟ ತಪ್ಪಿದ್ದು ಒಳ್ಳೆಯದೇ. ಆದರೆ 1992ರ ಏಕ ಗೇಜ್ ಯೋಜನೆಯ ಭರಾಟೆಯಲ್ಲಿ ಕೈಮರಗಳು, ಟೋಕನ್ ಯಂತ್ರಗಳು ಗುಜರಿಗೆ ಹೋದಾಗ ನಾವು ಸುಮ್ಮನಿದ್ದೆವು. ಮನಸ್ಸು ಮಾಡಿದರೆ ದಾರಿ ಇಲ್ಲದಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡ ಇಂದು ಮಾಲ್ಗುಡಿ ಮ್ಯೂಸಿಯಂ ಆಗಿದೆ. ಶಂಕರ್‌ನಾಗ್ ಅವರ ಧಾರಾವಾಹಿ ಅದಕ್ಕೆ ಹೆಸರು ತಂದುಕೊಟ್ಟಿತು. ಉಳಿದ ಸ್ಟೇಷನ್ನುಗಳಿಗೆ ಆ ಅದೃಷ್ಟವಿಲ್ಲ. ಅವುಗಳ ಪರವಾಗಿ ನಾವೇ ಮಾತನಾಡಬೇಕು.

ಈ ಗೋಷ್ಠಿ ಪ್ರಬಂಧ ಮಂಡನೆಗೇ ಮುಗಿಯಬಾರದು. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಫೈರ್‌ಮನ್ ಆಗಿದ್ದವರ ಮಾತನ್ನು ಅವರವರ ಊರಿನ ಕನ್ನಡದಲ್ಲೇ ಧ್ವನಿಮುದ್ರಿಸುವ ಕೆಲಸ ಇಲ್ಲಿಂದ ಶುರುವಾಗಲಿ. ರೈಲ್ವೆ ಕುಟುಂಬದವರಲ್ಲಿ ಒಂದು ವಿನಂತಿ: ನಿಮ್ಮ ಅಟ್ಟದಲ್ಲಿ ಹಳೆಯ ವೇಳಾಪಟ್ಟಿ, ಡೈರಿ, ಸಮವಸ್ತ್ರದ ಬಿಲ್ಲೆ, ಫೋಟೋ ಏನಿದ್ದರೂ ತೂಕಕ್ಕೆ ಹಾಕಬೇಡಿ. ನಮಗೆ ತೋರಿಸಿ, ನಕಲು ತೆಗೆದುಕೊಂಡು ಹಿಂದಿರುಗಿಸುತ್ತೇವೆ.